ದಿವಾನರು ಯಾರಿಗೆ ಉತ್ತರಿಸಬೇಕಿತ್ತು?

ರಾಜಕೀಯ ತತ್ತ್ವಶಾಸ್ತ್ರದಲ್ಲಿ ‘ಉತ್ತರದಾಯಿತ್ವ’ ಎಂಬುದಕ್ಕೆ ಎರಡು ಅಂಗಗಳಿವೆ: ಅಧಿಕಾರ ನಡೆಸುವವರು ತಮ್ಮ ನಡೆಗೆ ಕಾರಣ ಹೇಳಬೇಕು, ಆ ಕಾರಣ ಒಪ್ಪಿಗೆಯಾಗದಿದ್ದರೆ ಅವರನ್ನು ಕೆಳಗಿಳಿಸುವ ಹಕ್ಕು ಆಳಿಸಿಕೊಳ್ಳುವವರಿಗೆ ಇರಬೇಕು. ಬ್ರಿಟನ್ನಿನ ಪ್ರಧಾನಮಂತ್ರಿ ಕೆಳಮನೆಯ ವಿಶ್ವಾಸವಿರುವವರೆಗಷ್ಟೇ ಅಧಿಕಾರದಲ್ಲಿರುತ್ತಾರೆ. 1979ರ ಮಾರ್ಚ್ 28ರಂದು ಪ್ರಧಾನಿ ಜೇಮ್ಸ್ ಕ್ಯಾಲಹನ್ ಅಲ್ಲಿ ಒಂದೇ ಮತದಿಂದ ಸೋತು ಚುನಾವಣೆಗೆ ಹೋಗಬೇಕಾಯಿತು. ಮೈಸೂರು ಸಂಸ್ಥಾನದ ದಿವಾನಗಿರಿ ಕೆಲಸದ ಹರವಿನಲ್ಲಿ ಈ ಹುದ್ದೆಯನ್ನೇ ಹೋಲುತ್ತಿದ್ದರೂ ದಿವಾನರ ಅಳಿವು ಉಳಿವು ಅರಮನೆಯ ಕೈಯಲ್ಲಿತ್ತು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದು, ಅಂಕಿಅಂಶ, ಯೋಜನೆ, ಗಡುವು ಇವುಗಳಿಂದಲೇ ಆಡಳಿತ ನಡೆಸಿದರು. ಮೈಸೂರು ಬ್ಯಾಂಕ್ (1913), ಮೈಸೂರು ವಿಶ್ವವಿದ್ಯಾನಿಲಯ (1916) ಅವರ ಕಾಲದವು. ಪ್ರಜೆಗಳ ಹಿತ ಇಷ್ಟು ಚೆನ್ನಾಗಿ ಸಾಧಿತವಾಗುತ್ತಿರುವಾಗ ಉತ್ತರದಾಯಿತ್ವದ ಗೊಡವೆ ಏಕೆ ಎಂಬ ಪ್ರಶ್ನೆ ಇಲ್ಲಿ ಸಹಜ. ಒಳ್ಳೆಯ ಒಡೆಯನ ಕೆಳಗೆ ಜನ ತಮ್ಮ ವ್ಯವಹಾರವನ್ನು ತಾವೇ ನಡೆಸುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ ಎಂದು ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿಯೇ ವಾದಿಸಿದ್ದನು. ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತಾದರೂ ಅದು ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ದಿವಾನರನ್ನು ಇಳಿಸಲಾಗುತ್ತಿರಲಿಲ್ಲ. 1918ರಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ಮಿಲ್ಲರ್ ಸಮಿತಿ ನೇಮಕವಾದಾಗ, ಅರ್ಹತೆಯೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ರಾಜೀನಾಮೆ ನೀಡಿದರು. ಆ ನಿಲುವಿನ ಸರಿತಪ್ಪು ಬೇರೆ ಚರ್ಚೆ (ಬೇಡಿಕೆಯಲ್ಲಿ ನ್ಯಾಯವಿತ್ತೆಂಬುದನ್ನು ಅಲ್ಲಗಳೆಯುವುದು ಕಷ್ಟ); ಇಲ್ಲಿ ಮುಖ್ಯವಾದುದೆಂದರೆ, ಈ ವರ್ಗಗಳ ಪರವಾಗಿ ಪಾಲು ಕೇಳಿದ ಪ್ರಜಾಮಿತ್ರ ಮಂಡಲಿಯೂ ಅರಮನೆಯ ಬಾಗಿಲನ್ನೇ ತಟ್ಟಬೇಕಾಯಿತು, ದಿವಾನರ ನಿರ್ಗಮನವೂ ಯಾವ ಸಭೆಯ ಮತಕ್ಕೂ ಒಳಪಡಲಿಲ್ಲ.

ಇಪ್ಪತ್ತು ವರ್ಷಗಳ ಬಳಿಕ ಈ ಕೊರತೆ ಗೌರಿಬಿದನೂರು ತಾಲ್ಲೂಕಿನಲ್ಲಿ ರಕ್ತಪಾತಕ್ಕೆ ತಿರುಗಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1938ರ ಏಪ್ರಿಲ್ 25ರಂದು, ಅಶ್ವತ್ಥದ ಬುಡದಲ್ಲಿ ನಾಗರಕಲ್ಲುಗಳು ಸಾಲುಗಟ್ಟಿದ್ದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನಂತರ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನರೊಡನೆ ಮಾತುಕತೆ ನಡೆಸಿದ ಫಲವಾಗಿ ಕಾಂಗ್ರೆಸ್ ಧ್ವಜವನ್ನು ಸಂಸ್ಥಾನದ ಧ್ವಜದ ಜೊತೆಗೆ ಹಾರಿಸಲು ಅವಕಾಶ ದೊರೆಯಿತು, ವಿಚಾರಣಾ ಸಮಿತಿಯೂ ರಚನೆಯಾಯಿತು. ಉತ್ತರದಾಯಿತ್ವದ ಮೊದಲ ಅಂಗ ಹೀಗೆ ಅರೆಬರೆಯಾಗಿ ಕೈಗೂಡಿತೆನ್ನಬಹುದು. ಎರಡನೆಯದು ಕೈಗೂಡಲಿಲ್ಲ, ಮಿರ್ಜಾ 1941ರವರೆಗೂ ದಿವಾನರಾಗಿಯೇ ಇದ್ದರು. ಚಳವಳಿಗಾರರು ‘ಜವಾಬ್ದಾರಿ ಸರ್ಕಾರ’ ಎಂದು ಕೇಳುತ್ತಿದ್ದುದು ಈ ಎರಡನೆಯ ಅಂಗವನ್ನೇ. ಇದೇ ಬೇಡಿಕೆಯ ‘ಮೈಸೂರು ಚಲೋ’ ಚಳವಳಿಯ ನಂತರ, 1947ರ ಅಕ್ಟೋಬರಿನಲ್ಲಿ, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತಾದರೂ ದಿವಾನರ ಹುದ್ದೆ 1949ರವರೆಗೂ ಅದರ ಪಕ್ಕದಲ್ಲೇ ಉಳಿದಿತ್ತು.