ಅಳತೆ ತಿಳಿಯದ ಅಂಗಿ

ಮನೆಗೆಲಸಕ್ಕೆ ಒಂದು ವಿಚಿತ್ರವಾದ ಗುಣವುಂಟು; ಅದು ಉಳಿಯುವುದಿಲ್ಲ. ನೇಕಾರನ ಕೈಯಿಂದ ಬಟ್ಟೆ ಹೊರಬೀಳುತ್ತದೆ, ಕುಂಬಾರನ ಕೈಯಿಂದ ಗಡಿಗೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿ ಮಣ್ಣು ತುಳಿದವರ ಹೆಸರು ಈಗ ಯಾರಿಗೂ ನೆನಪಿಲ್ಲ. ಆದರೆ ಅವರು ಮಾಡಿದ ಹಂಚು ಕರಾವಳಿಯ ಎಷ್ಟೋ ಹಳೆಯ ಮನೆಗಳ ಮೇಲೆ ಕುಳಿತು ಇಂದಿಗೂ ಮಳೆಯನ್ನು ತಡೆಯುತ್ತಿದೆ. ತಾಯಿಯಾದವಳ ಕೆಲಸಕ್ಕೆ ಈ ಭಾಗ್ಯವಿಲ್ಲ. ಬೆಳಗ್ಗೆ ಎಂಟಕ್ಕೆ ಬಾಚಿ ಹೆಣೆದ ಜಡೆ ಸಂಜೆ ನಾಲ್ಕಕ್ಕೆ ಕಾಗೆಯ ಗೂಡಾಗಿ ಮನೆಗೆ ಮರಳುತ್ತದೆ. ಒಗೆದ ಅಂಗಿ ಮತ್ತೆ ಬುಟ್ಟಿಗೆ ಬೀಳುತ್ತದೆ. ತುಂಬಿದ ಹೊಟ್ಟೆ ಮೂರು ತಾಸಿನಲ್ಲಿ ಬರಿದಾಗುತ್ತದೆ. ಹೇಳಿಕೊಟ್ಟ ಬುದ್ಧಿಯೂ ಹಾಗೆಯೆ. ನಿನ್ನೆ ಹೇಳಿದ್ದನ್ನೇ ಇಂದು ಹೇಳಬೇಕು. ಮಿಕ್ಸರು, ಗ್ಯಾಸು, ಒಗೆಯುವ ಯಂತ್ರ ಬಂದು ಬೆವರು ಕಡಿಮೆಯಾಗಿದೆ, ನಿಜ. ಸುತ್ತು ಕಡಿಮೆಯಾಗಿಲ್ಲ.

ಹೀಗೆ ದಿನವೂ ಅಳಿಸಿಹೋಗುವ ಕೆಲಸದಲ್ಲಿ ಸಂತೋಷವುಂಟೆ? ಸಂತೋಷ ಹಾಗಿರಲಿ, ಅರ್ಥವಾದರೂ ಉಂಟೆ? ನಾನು ಧಾರವಾಡದ ಒಂದು ಕ್ರೈಸ್ತ ಮನೆತನದವಳು, ಮೂವರು ಮಕ್ಕಳ ತಾಯಿ. ಪ್ರಶ್ನೆ ನನಗೆ ನನ್ನ ಧರ್ಮದ ಮಾತಿನಲ್ಲಿ ಬರುತ್ತದೆ. ನನ್ನ ನೆರೆಮನೆಯಾಕೆಗೆ ಆಕೆಯ ಧರ್ಮದ ಮಾತಿನಲ್ಲಿ ಬರುತ್ತಿರಬೇಕು. ಆದ್ದರಿಂದ ಓದುಗರು ಸತ್ಯವೇದದ ಹೆಸರುಗಳನ್ನು ಕಂಡು ಪುಟ ತಿರುಗಿಸಬೇಕಾಗಿಲ್ಲ.

ಈ ಪ್ರಶ್ನೆಗೆ ಲೋಕ ಸಿದ್ಧಮಾಡಿಟ್ಟಿರುವ ಉತ್ತರಗಳಲ್ಲಿ ಮೊದಲನೆಯದು ಹೊಗಳಿಕೆ. ಮೇ ತಿಂಗಳ ಎರಡನೆಯ ಭಾನುವಾರ ನಮ್ಮ ಅನೇಕ ದೇವಾಲಯಗಳಲ್ಲಿ ತಾಯಂದಿರ ದಿನವನ್ನು ಆಚರಿಸುತ್ತಾರೆ. ಮಕ್ಕಳು ಸಾಲಾಗಿ ಬಂದು ತಾಯಂದಿರಿಗೆ ಒಂದೊಂದು ಹೂ ಕೊಡುತ್ತಾರೆ. ಪ್ರಸಂಗದಲ್ಲಿ ತಾಯ್ತನವನ್ನು ಆಕಾಶಕ್ಕೇರಿಸುತ್ತಾರೆ. ಆಮೇಲೆ ಸಭೆಯ ಊಟ; ಊಟವಾದ ಮೇಲೆ ಪಾತ್ರೆ ಉಜ್ಜುವವರ ಮುಡಿಯಲ್ಲೇ ಆ ಹೂಗಳು ಕಾಣುತ್ತವೆ. ಈ ಆಚರಣೆಯನ್ನು 1908ರಲ್ಲಿ ಅಮೆರಿಕದ ಗ್ರಾಫ್ಟನ್ ಎಂಬ ಊರಿನ ಮೆಥಡಿಸ್ಟ್ ದೇವಾಲಯದಲ್ಲಿ ತನ್ನ ತಾಯಿಯ ನೆನಪಿಗೆಂದು ಆರಂಭಿಸಿದವಳು ಆ್ಯನಾ ಜಾರ್ವಿಸ್. ಆಕೆಗೆ ಮದುವೆಯಿಲ್ಲ, ಮಕ್ಕಳಿಲ್ಲ. ಹೂವಾಡಿಗರೂ ಕಾರ್ಡು ಮಾರುವವರೂ ಆ ದಿನವನ್ನು ಅಂಗಡಿ ಮಾಡಿಕೊಂಡದ್ದನ್ನು ಕಂಡು ಆಕೆ ಉಳಿದ ಆಯುಷ್ಯವನ್ನು ಅವರೊಡನೆ ಜಗಳವಾಡುವುದರಲ್ಲಿಯೆ ಕಳೆದಳು. ಪಾಪ, ಆಕೆಯ ಮೇಲೆ ನನಗೆ ವಿಶ್ವಾಸವೇ. ಆದರೆ ಹೊಗಳಿಕೆಯಿಂದ ಒಂದು ಬೆಳಗು ಕೂಡ ಹಗುರಾದದ್ದನ್ನು ನಾನು ಕಂಡಿಲ್ಲ. ಯಾವುದನ್ನು ತೀರ ಪವಿತ್ರವೆಂದು ಕರೆಯುತ್ತೇವೆಯೊ ಅದಕ್ಕೆ ಕೈಹಚ್ಚದೆ ದೂರ ನಿಂತು ನಮಸ್ಕರಿಸುವುದು ಸುಲಭ.

ಎರಡನೆಯ ಉತ್ತರ ಫಲದ್ದು. ಇಂದು ಕಷ್ಟಪಡು, ನಾಳೆ ನಿನ್ನ ಮಕ್ಕಳು ದೊಡ್ಡವರಾಗುತ್ತಾರೆ. ನಮ್ಮವರಲ್ಲಿ ಇದಕ್ಕೆ ತಪ್ಪದೆ ಕೊಡುವ ಉದಾಹರಣೆ ಸುಸಾನಾ ವೆಸ್ಲಿ; ಮೆಥಡಿಸ್ಟ್ ಪಂಥವನ್ನು ಕಟ್ಟಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ. ಈ ಪಂಥದವರು 1821ರ ಹೊತ್ತಿಗೆ ಬೆಂಗಳೂರಿಗೆ ಬಂದು ಕೆಲಸಕ್ಕಿಳಿದರಾದ್ದರಿಂದ ವೆಸ್ಲಿಯೆಂಬ ಹೆಸರು ಮೈಸೂರು ಸೀಮೆಗೆ ಹೊಸದೇನಲ್ಲ. ಸುಸಾನಾ ಹುಟ್ಟಿದ್ದು 1669ರಲ್ಲಿ, ತೀರಿಕೊಂಡದ್ದು 1742ರಲ್ಲಿ. ಹತ್ತೊಂಬತ್ತು ಹೆರಿಗೆ, ಅವುಗಳಲ್ಲಿ ಒಂಬತ್ತು ಕೂಸುಗಳು ಕೂಸುಗಳಾಗಿಯೆ ಹೋದುವು. ಗಂಡ ಎಪ್‌ವರ್ತ್ ಎಂಬ ಹಳ್ಳಿಯ ಬೋಧಕ, ಸಾಲಗಾರ. 1709ರಲ್ಲಿ ಮನೆಗೆ ಬೆಂಕಿ ಬಿದ್ದು ಇದ್ದದ್ದೂ ಸುಟ್ಟುಹೋಯಿತು. ಇಂಥ ಮನೆಯಲ್ಲಿ ಆಕೆ ಮಕ್ಕಳಿಗೆ ತಾನೇ ಅಕ್ಷರ ಕಲಿಸಿದಳು. ಆಕೆಯ ಶಿಸ್ತೆಲ್ಲ ನನಗೆ ಒಪ್ಪಿಗೆಯಾಗದು. ವರ್ಷ ತುಂಬುವುದರೊಳಗಾಗಿ ಮಗು ಸದ್ದಿಲ್ಲದೆ ಅಳುವುದನ್ನು ಕಲಿಯಬೇಕೆಂಬ ನಿಯಮವನ್ನು ಓದಿದಾಗ ನನ್ನ ಎದೆ ಕುಗ್ಗಿತು. ಆದರೆ ಆಕೆಯ ಇನ್ನೊಂದು ಪದ್ಧತಿಗೆ ನಾನು ಮನಸೋತಿದ್ದೇನೆ. ವಾರದ ಒಂದೊಂದು ಸಂಜೆ ಒಂದೊಂದು ಮಗುವಿಗೆ. ಆ ಹೊತ್ತು ಆ ಮಗುವಿನೊಡನೆ ಮಾತ್ರ ಮಾತು. ಜಾನನ ಪಾಲಿಗೆ ಬಂದದ್ದು ಗುರುವಾರ. ಬೆಳೆದು ವಿದ್ವಾಂಸನಾದ ಮೇಲೆಯೂ ಆತ ಆ ಗುರುವಾರದ ಸಂಜೆಯ ಸ್ವಲ್ಪ ಭಾಗವನ್ನು ತನಗಾಗಿ ಇಟ್ಟುಕೊಳ್ಳುವಂತೆ ತಾಯಿಗೆ ಕಾಗದ ಬರೆದು ಕೇಳಿದ.

ಉದಾಹರಣೆ ಕೊಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನೋಡಿ, ಗುರುವಾರದ ಫಲ ಎಂಥದು! ಆದರೆ ಸೋಮವಾರ ಮಾಲಿಯದು, ಮಂಗಳವಾರ ಹೆಟ್ಟಿಯದು. ಮೈ ಊನವಾಗಿದ್ದ ಮಾಲಿ ಮದುವೆಯಾದ ವರ್ಷದೊಳಗೆ ಬಾಣಂತಿತನದಲ್ಲಿ ತೀರಿಕೊಂಡಳು. ಹೆಟ್ಟಿ ಕವಿತೆ ಬರೆಯಬಲ್ಲವಳು. ಒಲ್ಲದ ಮದುವೆಯಲ್ಲಿ ಕೊರಗಿದಳು. ಆ ಸಂಜೆಗಳು ವ್ಯರ್ಥವಾದುವೆ? ಬದುಕದ ಒಂಬತ್ತು ಕೂಸುಗಳಿಗೆ ಹೊಲಿದ ಅಂಗಿಗಳು? ಫಲದಿಂದಲೇ ಬೆಲೆ ಕಟ್ಟುವುದಾದರೆ ಹೌದೆನ್ನಬೇಕು. ಸುಸಾನಾಳ ಕಣ್ಣಿಗೆ ಜಾನನು ಪಂಥಸ್ಥಾಪಕನಾಗಿರಲಿಲ್ಲ, ಗುರುವಾರದ ಹುಡುಗನಾಗಿದ್ದ, ಅಷ್ಟೆ.

ಈ ಪದ್ಧತಿ ಹುಟ್ಟಿದ ಬಗೆ ನಮ್ಮ ದಕ್ಷಿಣ ದೇಶಕ್ಕೆ ಸಂಬಂಧಪಟ್ಟದ್ದು. ಡೆನ್ಮಾರ್ಕಿನ ದೊರೆ ಕಳುಹಿಸಿದ ಮಿಶನರಿಗಳು 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದಿದ್ದರು. ಅವರ ಕೆಲಸದ ವೃತ್ತಾಂತ ಇಂಗ್ಲಿಷಿನಲ್ಲಿ ಅಚ್ಚಾಗಿ ಸುಸಾನಾಳ ಕೈಗೆ ಬಂತು. ಅದನ್ನು ಓದಿ ಆಕೆಯ ಮನಸ್ಸು ಉರಿದೆದ್ದಿತು. ತಾನು ಗಂಡಸಲ್ಲ, ಬೋಧಕನಲ್ಲ. ಆದರೂ ಈಗ ಮಾಡುತ್ತಿರುವುದಕ್ಕಿಂತ ಹೆಚ್ಚಿನದನ್ನು ಮಾಡಬಹುದಲ್ಲ ಎಂದುಕೊಂಡಳು. ಹಡಗು ಹತ್ತಲಿಲ್ಲ, ತನ್ನ ಮಕ್ಕಳ ಕಡೆಗೆ ತಿರುಗಿದಳು. 1712ರಲ್ಲಿ ಗಂಡನಿಗೆ ಬರೆದ ಕಾಗದದಲ್ಲಿ ಆಕೆಯೆ ಇದನ್ನು ಹೇಳಿದ್ದಾಳೆ. ಸಾವಿರಾರು ಮೈಲಿ ದೂರದ ಸುದ್ದಿ ಒಬ್ಬ ಹೆಂಗಸನ್ನು ಅವಳ ಮನೆಯೊಳಕ್ಕೇ ಕಳುಹಿಸಿದ ಈ ಘಟನೆಯನ್ನು ನಾನು ಆಗಾಗ ನೆನೆಯುತ್ತೇನೆ.

ಏಕೆಂದರೆ ನಮ್ಮೂರಿನ ಕಡೆ ನಡೆದದ್ದು ಇದಕ್ಕೆ ವಿರುದ್ಧವಾದ ಕಥೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರ ಮಡದಿಯರು ಹೆಣ್ಣುಮಕ್ಕಳಿಗೆ ಓದು ಕಲಿಸಿದರು, ಹೊಲಿಗೆ ಕಲಿಸಿದರು. ಆದರೆ ತಮ್ಮ ಸ್ವಂತ ಮಕ್ಕಳನ್ನು ಅವರು ಇಟ್ಟುಕೊಳ್ಳುವಂತಿರಲಿಲ್ಲ. ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬರುವ ಮುಂಚೆ ಯುರೋಪಿಗೆ ಹೋಗಬೇಕೆಂದು 1853ರಲ್ಲಿ ನಿಯಮವೇ ಆಯಿತು. ಬಾಸೆಲ್ ನಗರದಲ್ಲಿ ಅವರಿಗಾಗಿ ಒಂದು ಮಕ್ಕಳ ಮನೆ ತೆರೆದರು. ನಿಯಮಕ್ಕೆ ಮುಂಚೆಯೂ ರೂಢಿ ಹೆಚ್ಚುಕಡಮೆ ಅದೇ. ಮಲಯಾಳ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟ್, ಅವರ ಪತ್ನಿ ಜೂಲಿ, ಇವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಆಕೆಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ತಂದೆತಾಯಿಗಳು ಆಕೆಯನ್ನು ಯುರೋಪಿನಲ್ಲಿ ಬಿಟ್ಟು ಭಾರತಕ್ಕೆ ಮರಳಿದರು. ಆಕೆ ಮತ್ತೆ ಈ ತೀರಕ್ಕೆ ಬಂದದ್ದು 1857ರಲ್ಲಿ. ನಾಲ್ಕರ ಕೂಸು ಹೋಗಿ ಹದಿನೈದರ ಹುಡುಗಿ ಬಂದು ಬಾಗಿಲಲ್ಲಿ ನಿಂತರೆ ತಾಯಿ ಮೊದಲು ಏನನ್ನು ನೋಡುತ್ತಾಳೆ? ಮುಖವನ್ನೊ, ಎತ್ತರವನ್ನೊ? ಈ ಮರೀ ಮುಂದೆ ಮಂಗಳೂರಿನಲ್ಲಿ ಕೆಲಸ ಮಾಡಿ ಹಿಂದಿರುಗಿದ್ದ ಯೊಹಾನ್ನೆಸ್ ಹೆಸ್ಸೆಯನ್ನು ಮದುವೆಯಾದಳು. ‘ಸಿದ್ಧಾರ್ಥ’ ಕಾದಂಬರಿಯ ಹರ್ಮನ್ ಹೆಸ್ಸೆ ಅವರ ಮಗ. ಆ ಹುಡುಗನನ್ನೂ ಆರನೆಯ ವಯಸ್ಸಿನಲ್ಲಿ, 1884ರಲ್ಲಿ, ಕೆಲವು ತಿಂಗಳು ಮಿಶನ್ನಿನ ಬಾಲಕರ ಮನೆಯಲ್ಲಿ ಬಿಟ್ಟಿದ್ದರು. ತಂದೆತಾಯಿಗಳು ಅದೇ ಊರಿನಲ್ಲಿದ್ದರು.

ಆ ತಾಯಂದಿರ ಮೇಲೆ ತೀರ್ಪು ಕೊಡಲು ನನಗೆ ಬಾಯಿ ಬಾರದು. ಈ ಹವೆಯಲ್ಲಿ, ಆ ಕಾಲದ ಜ್ವರಗಳಲ್ಲಿ, ಮಕ್ಕಳು ಉಳಿಯುವುದೇ ಕಷ್ಟವಾಗಿತ್ತು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮ ಮನೆತನದಲ್ಲಿ ಮೊಟ್ಟಮೊದಲು ಅಕ್ಷರ ಕಲಿತ ಹೆಣ್ಣು ಕಲಿತದ್ದು ಅಂಥ ಒಬ್ಬ ಹೆಂಗಸಿನಿಂದ, ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ಆಕೆಯಿಂದ ಆಕೆಯ ಮಗಳಿಗೆ, ಅವಳಿಂದ ಅವಳ ಮಗಳಿಗೆ ಬಂದ ಅಕ್ಷರದಿಂದಲೇ ನಾನು ಈ ಲೇಖನ ಬರೆಯುತ್ತಿದ್ದೇನೆ. ಬಾಸೆಲಿನಲ್ಲಿ ಯಾವುದೊ ಮಗು ರಾತ್ರಿ ಅತ್ತದ್ದಕ್ಕೂ ನನ್ನ ಓದಿಗೂ ಸಂಬಂಧವಿಲ್ಲವೆಂದು ನಾನು ಹೇಗೆ ಹೇಳಲಿ? ಆದರೂ ನಿಯಮ ಮಾಡಿದ ಸಮಿತಿಯವರಿಗೆ, ಅವರೆಲ್ಲರೂ ಗಂಡಸರು, ಒಂದು ಮಾತು ಕೇಳಬೇಕೆನ್ನಿಸುತ್ತದೆ. ಪರರ ಮಕ್ಕಳಿಗೆ ಹೊಲಿಗೆ ಹೇಳಿಕೊಡುವುದು ದೇವರ ಕೆಲಸ, ಹೆತ್ತ ಮಗುವಿನ ಗುಂಡಿ ಹಚ್ಚುವುದು ಆ ಕೆಲಸಕ್ಕೆ ಅಡ್ಡಿ ಎಂದು ನಿಮಗೆ ಹೇಳಿದವರು ಯಾರು?

ಅವರ ನೆರೆಯ ಜರ್ಮನಿಯಲ್ಲೇ ಹುಟ್ಟಿದ ಲೂಥರ್ ಹಾಗೆ ಹೇಳಿರಲಿಲ್ಲ. ವಿವಾಹಜೀವನವನ್ನು ಕುರಿತು 1522ರಲ್ಲಿ ಬರೆದ ಪುಸ್ತಕದಲ್ಲಿ ಆತ ಮಗುವಿನ ಹೊಲಸು ಬಟ್ಟೆ ಒಗೆಯುವ ತಂದೆಯ ಮಾತೆತ್ತುತ್ತಾನೆ. ತಂದೆ ಎಂಬುದನ್ನು ಓದುಗರು ಗಮನಿಸಬೇಕು. ನೆರೆಯವರು ಅವನನ್ನು ಹೆಣ್ಣಿಗನೆಂದು ನಗಬಹುದು, ದೇವರು ಮಾತ್ರ ದೇವದೂತರೊಡನೆ ಅವನನ್ನು ಕಂಡು ಮೆಚ್ಚಿ ನಗುತ್ತಾನೆ ಎಂಬುದು ಆತನ ಅಭಿಪ್ರಾಯ. ಐನೂರು ವರ್ಷವಾಯಿತು, ಈ ಪ್ರಸಂಗವನ್ನು ನಮ್ಮ ಕಡೆ ಪೀಠದಿಂದ ಹೇಳಿದ್ದನ್ನು ನಾನಿನ್ನೂ ಕೇಳಬೇಕಾಗಿದೆ.

ಯೇಸುಸ್ವಾಮಿಯ ಮಾತುಗಳನ್ನೇ ನೋಡಿ. ಅವನು ಸುಮಾರು ಮೂವತ್ತು ವರ್ಷದವನಾಗಿ ಬೋಧನೆಗೆ ಹೊರಟನೆಂದು ಲೂಕನು ಹೇಳುತ್ತಾನೆ. ಅದಕ್ಕೆ ಹಿಂದಿನ ನಜರೇತಿನ ವರ್ಷಗಳನ್ನು ಕುರಿತು, ಹನ್ನೆರಡರ ಹುಡುಗ ಯೆರೂಸಲೇಮಿನ ಜಾತ್ರೆಯಲ್ಲಿ ತಪ್ಪಿಸಿಕೊಂಡು ತಾಯಿ ಮೂರು ದಿನ ಹುಡುಕಾಡಿದ್ದನ್ನು ಬಿಟ್ಟರೆ, ಸುವಾರ್ತೆಗಳು ಬಾಯಿ ಬಿಡುವುದಿಲ್ಲ. ಬರೆಯುವಂಥದೇನೂ ನಡೆಯಲಿಲ್ಲವೆಂದು ತೋರುತ್ತದೆ. ನೀರು ತಂದದ್ದು, ಹಿಟ್ಟು ನಾದಿದ್ದು. ಆದರೆ ಬೋಧನೆಗೆ ನಿಂತಾಗ ಅವನ ಬಾಯಿಂದ ಬಂದ ಉಪಮೆಗಳು ಯಾವುವು? ಮೂರು ಅಳತೆ ಹಿಟ್ಟಿನಲ್ಲಿ ಹೆಂಗಸೊಬ್ಬಳು ಅಡಗಿಸಿಟ್ಟ ಹುಳಿ. ಹಳೆಯ ಬಟ್ಟೆಗೆ ಹೊಸ ತೇಪೆ ಹಚ್ಚಿದರೆ ಹರಕು ದೊಡ್ಡದಾಗುವುದು. ಕಳೆದ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯನ್ನೆಲ್ಲ ಗುಡಿಸುವವಳು. ಮಕ್ಕಳು ಪಕ್ಕದಲ್ಲಿ ಮಲಗಿದ್ದಾರೆ, ಈಗ ಏಳಲಾರೆನೆಂದು ಮಧ್ಯರಾತ್ರಿ ಒಳಗಿನಿಂದ ಕೂಗುವ ಮನೆಯಾತ. ತೇಪೆಯ ಮರ್ಮ ಬಡಗಿಯ ಅಂಗಡಿಯಲ್ಲಿ ತಿಳಿಯುವಂಥದಲ್ಲ. ಯಾರೊ ತೇಪೆ ಹಚ್ಚುತ್ತಿದ್ದಾಗ ಯಾವುದೊ ಹುಡುಗ ಪಕ್ಕದಲ್ಲಿ ಕುಳಿತು ನೋಡಿದ್ದಾನೆ. ಮರಿಯಳಿಗೆ ಆಗ ಅದು ಉಪಮೆಯಾಗಿರಲಿಲ್ಲ, ಹರಿದ ಅಂಗಿಯಾಗಿತ್ತು.

ಸಂತೋಷವೆಂಬ ಮಾತನ್ನು ನಾನು ಹೆದರುತ್ತಲೇ ಬಳಸುತ್ತೇನೆ. ಅದು ದಿನವೂ ಇರುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಬರಿಯ ಆಯಾಸ ಮಾತ್ರ ಇರುವ ವಾರಗಳಿವೆ. ಪ್ರಾರ್ಥನೆಗೆ ಕೂತರೆ ನಿದ್ದೆ ಬರುವ ವಾರಗಳು. ಆದರೆ ಒಂದು ಸಂಗತಿಯನ್ನು ಗಮನಿಸಿದ್ದೇನೆ. ಚಿಕ್ಕವನಿಗೆ ಜ್ವರ ಬಂದು ಮೂರು ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಿದ್ದಾಗ ಈ ಬದುಕಿಗೆ ಅರ್ಥವೇನೆಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಅದು ಬರುವುದು ಕೆಲಸವೆಲ್ಲ ಮುಗಿದು, ಗೆಳತಿಯೊಬ್ಬಳಿಗೆ ದೊಡ್ಡ ಹುದ್ದೆ ಸಿಕ್ಕಿತೆಂದು ಕೇಳಿದ ಸಂಜೆ. ಬಟ್ಟೆ ಒದ್ದೆ ಮಾಡಿ ಹಿಂಡಿ ಹಾಕುವಾಗ ಬೆರಳಿಗೆ ಹಣೆಯ ಬಿಸಿ ತಟ್ಟುತ್ತದೆ, ನಾಲ್ಕು ಗಂಟೆಯ ಸುಮಾರಿಗೆ ಆ ಬಿಸಿ ಇಳಿದದ್ದು ತಿಳಿಯುತ್ತದೆ. ಆಗ ಆಗುವುದಕ್ಕೆ ಸಂತೋಷವೆಂಬ ಹೆಸರು ಸಾಲದು. ಬೇರೆ ಹೆಸರು ನನಗೆ ಸಿಕ್ಕಿಲ್ಲ.

ಇದೆಲ್ಲವನ್ನು ಯೋಚಿಸುವಾಗ ನನ್ನ ಕಣ್ಣ ಮುಂದೆ ಬಂದು ನಿಲ್ಲುವವಳು ಹಳೆಯ ಒಡಂಬಡಿಕೆಯ ಹನ್ನ. ಮಕ್ಕಳಿಲ್ಲದೆ ಸವತಿಯ ಚುಚ್ಚುಮಾತು ಕೇಳಿ ಬೆಂದವಳು. ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೆ ಎಂದು ಗಂಡ ಸಮಾಧಾನ ಹೇಳಿದನಂತೆ. ಗಂಡಸರ ಸಮಾಧಾನ ಎಲ್ಲ ಕಾಲದಲ್ಲೂ ಒಂದೇ ಧಾಟಿಯದು. ಆಕೆ ಹರಕೆ ಹೊತ್ತು ಹಡೆದ ಸಮುವೇಲನನ್ನು ಮೊಲೆ ಬಿಡಿಸಿದ ಮೇಲೆ ಶೀಲೋವಿನ ದೇವಾಲಯದಲ್ಲಿ ಒಪ್ಪಿಸಿ ಬಂದಳು. ಇಲ್ಲಿಯೂ ಮಗುವನ್ನು ಬಿಟ್ಟುಬರುವುದೇ. ಆದರೆ ನಿಯಮ ಮಾಡಿದ ಸಮಿತಿಯಿಲ್ಲ, ಮಾತು ಕೊಟ್ಟವಳು ತಾನೇ. ಆ ಮೇಲಿನ ಸಂಗತಿಯನ್ನು ಸತ್ಯವೇದ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ. ಪ್ರತಿವರ್ಷ ಯಜ್ಞಕ್ಕೆ ಹೋಗುವಾಗ ಆಕೆ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿ ಒಯ್ಯುತ್ತಿದ್ದಳಂತೆ.

ಹೊಲಿಗೆ ಬಲ್ಲ ಯಾವಳಿಗಾದರೂ ಇಲ್ಲಿ ಒಂದು ಸಂದೇಹ ಬರಬೇಕು. ಅಳತೆ? ಮಗುವನ್ನು ನೋಡುವುದು ವರ್ಷಕ್ಕೊಮ್ಮೆ. ಕಳೆದ ವರ್ಷ ಮೊಣಕೈಗೆ ಬರುತ್ತಿದ್ದವನು ಈಗ ಎಷ್ಟು ಎತ್ತರವಾಗಿದ್ದಾನೆ? ಊರಿನ ಅದೇ ವಯಸ್ಸಿನ ಹುಡುಗರನ್ನು ಕರೆದು ನಿಲ್ಲಿಸಿ ನೋಡಿರಬೇಕು. ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಒಳಕ್ಕೆ ಮಡಿಸಿ ಹೊಲಿದಿರಬೇಕು. ನನ್ನ ಹಿರಿಯ ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಈ ಕಷ್ಟ ನನಗೂ ತಿಳಿದಿದೆ. ಫೋನಿನಲ್ಲಿ ದಿನವೂ ಮುಖ ಕಾಣುತ್ತದೆ, ತೋಳು ತೆಳ್ಳಗಾಗಿದೆಯೊ ಇಲ್ಲವೊ ತಿಳಿಯುವುದಿಲ್ಲ. ಹತ್ತಿರವಿರುವ ಮಕ್ಕಳದೂ ಒಂದು ಲೆಕ್ಕಕ್ಕೆ ಹೀಗೆಯೆ. ಇಂದು ನಾನು ಹೇಳುವ ಮಾತು ಅವರು ನಾಳೆ ಬೆಳೆದು ನಿಲ್ಲುವ ಎತ್ತರಕ್ಕೆ ಸರಿಹೋಗಬೇಕು. ಆ ಎತ್ತರವನ್ನು ನಾನು ಕಂಡಿಲ್ಲ. ಅವರು ನನ್ನವರಲ್ಲ, ನನಗೆ ಒಪ್ಪಿಸಿದವರು ಎಂದು ನಮ್ಮ ಧರ್ಮ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದರ ಅರ್ಥ ನನಗೆ ಸ್ವಲ್ಪಮಟ್ಟಿಗೆ ಹಿಡಿದದ್ದು ಪ್ರಸಂಗದಿಂದಲ್ಲ, ಈ ನಾಲ್ಕು ಬೆರಳಿನ ಮಡಿಕೆಯಿಂದ.

ಹನ್ನಳಿಗೆ ಮುಂದೆ ಇನ್ನೂ ಮೂವರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಆದರೆಂದು ಸತ್ಯವೇದ ಹೇಳುತ್ತದೆ. ಅವರ ಹೆಸರನ್ನು ಹೇಳುವುದಿಲ್ಲ. ಹೊಸ ನಿಲುವಂಗಿಯನ್ನು ಸಮುವೇಲನಿಗೆ ತೊಡಿಸಿ, ಚಿಕ್ಕದಾದ ಹಳೆಯದನ್ನು ಆಕೆ ಶೀಲೋವಿನಲ್ಲಿ ಬಿಟ್ಟು ಬಂದಿರಲಾರಳು. ಮಡಿಸಿ ಗಂಟಿನಲ್ಲಿಟ್ಟುಕೊಂಡು ಊರಿಗೆ ತಂದಿರಬೇಕು. ಮನೆಯಲ್ಲಿ ಅದಕ್ಕೆ ಸರಿಯಾದ ಮೈಯುಳ್ಳ ಮತ್ತೊಬ್ಬನಿದ್ದ.