ಎಣಿಕೆಗೆ ಸಿಕ್ಕದ ಫಲ

ಯಾವುದೇ ಸಾಧನದ ಯೋಗ್ಯತೆಯನ್ನು ನಿರ್ಣಯಿಸುವಾಗ, ಸುಲಭವಾಗಿ ಎಣಿಕೆಗೆ ಸಿಕ್ಕುವುದನ್ನೇ ಫಲವೆಂದು ಭಾವಿಸುವುದು ಮನುಷ್ಯಸಹಜವಾದ ಪ್ರಮಾದ. ಇಂದಿನ ದೊಡ್ಡ ಕಂಪನಿಗಳ ಕಚೇರಿಗಳಲ್ಲಿ ಈ ಪ್ರಮಾದಕ್ಕೆ ಹೊಸದೊಂದು ಆಸ್ಪದ ದೊರೆತಿದೆ. ನೌಕರರು ಗಣಕಯಂತ್ರದ ಮೂಲಕ ಪರಸ್ಪರ ಪ್ರಶ್ನೆ ಕೇಳಿ, ಉತ್ತರ ಬರೆದು, ಒಬ್ಬರ ಮಾತನ್ನು ಎಲ್ಲರೂ ಓದಬಹುದಾದ ಸಂವಾದ ತಂತ್ರಾಂಶಗಳು ಅಲ್ಲಿ ಬಳಕೆಗೆ ಬಂದಿವೆ. ಇವಕ್ಕಾಗಿ ವ್ಯಯವಾಗುವ ಧನವೂ ಅಲ್ಪವಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇಂಥ ತಂತ್ರಾಂಶವನ್ನು ರಚಿಸಿದ ಯಾಮರ್ ಕಂಪನಿಯನ್ನು 120 ಕೋಟಿ ಡಾಲರುಗಳಿಗೆ ಕೊಂಡಿತು. ಇವುಗಳಿಂದಾದ ಪ್ರಯೋಜನವೇನೆಂದು ಕೇಳಿದರೆ, ಎಷ್ಟು ಮಂದಿ ಎಷ್ಟು ಸಂದೇಶಗಳನ್ನು ಬರೆದರೆಂಬ ಲೆಕ್ಕವೇ ಉತ್ತರವಾಗಿ ಬರುವುದುಂಟು. ಹೆಚ್ಚು ಬರೆದವನು ಕಾರ್ಯಶೀಲನೆಂದೂ ಮೌನದಿಂದಿದ್ದವನು ನಿರುಪಯೋಗಿಯೆಂದೂ ಇದರಿಂದ ತೀರ್ಪಾಗುತ್ತದೆ. ಈ ತೀರ್ಪು ನ್ಯಾಯವೇ ಎಂಬುದು ವಿಚಾರಣೀಯ.

ಅಮೆರಿಕದ ವಿದ್ವಾಂಸರಾದ ಪಾಲ್ ಲಿಯೊನಾರ್ಡಿಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೊಂದು ಮಾರ್ಗವನ್ನು ತೋರಿಸುತ್ತದೆ. ಒಂದು ದೊಡ್ಡ ಹಣಕಾಸು ಸಂಸ್ಥೆಯಲ್ಲಿ ನೌಕರರ ಒಂದು ತಂಡವು ಆರು ತಿಂಗಳ ಕಾಲ ಇಂಥ ತಂತ್ರಾಂಶವನ್ನು ಬಳಸಿತು; ಇನ್ನೊಂದು ತಂಡವು ಬಳಸಲಿಲ್ಲ. ಅವರು ಪರೀಕ್ಷಿಸಿದ್ದು ಸಂದೇಶಗಳ ಸಂಖ್ಯೆಯನ್ನಲ್ಲ, ನೌಕರರ ಅರಿವನ್ನು. ಸಹೋದ್ಯೋಗಿಗಳಲ್ಲಿ ಯಾರಿಗೆ ಏನು ತಿಳಿದಿದೆಯೆಂಬ ತಿಳಿವಳಿಕೆಯ ನಿಖರತೆ ಬಳಸಿದವರಲ್ಲಿ ಶೇಕಡಾ 31ರಷ್ಟೂ, ಯಾರಿಗೆ ಯಾರ ಪರಿಚಯವಿದೆಯೆಂಬುದರ ನಿಖರತೆ ಶೇಕಡಾ 88ರಷ್ಟೂ ವೃದ್ಧಿಸಿತ್ತು. ಬಳಸದವರಲ್ಲಿ ಅಂಥ ವೃದ್ಧಿ ಕಾಣಲಿಲ್ಲ. ಗಮನಾರ್ಹವಾದ ಸಂಗತಿಯೆಂದರೆ, ಈ ಅರಿವು ಮುಖ್ಯವಾಗಿ ಲಭಿಸಿದುದು ಇತರರ ನಡುವಣ ಸಂವಾದವನ್ನು ಕಂಡು. ಎಣಿಸುವವನ ಕಣ್ಣಿಗೆ ಶೂನ್ಯವಾಗಿ ತೋರುವ ಮೌನಿಯೂ ಕಲಿಯುತ್ತಿರಬಹುದು.

ತೂಗುವ ಕ್ರಿಯೆಯೇ ತೂಗಲ್ಪಡುವವನನ್ನು ನೋಯಿಸಬಹುದೆಂಬುದು ಇನ್ನೊಂದು ವಿಚಾರ. 2020ರಲ್ಲಿ ಮೈಕ್ರೋಸಾಫ್ಟ್ ಒದಗಿಸಿದ ಮಾಪನ ಸೌಲಭ್ಯವೊಂದು, ಸಂದೇಶ ಮುಂತಾದ ಸಾಧನಗಳನ್ನು ಯಾರು ಎಷ್ಟು ಬಳಸಿದರೆಂಬುದನ್ನು ನೌಕರರ ಹೆಸರಿನೊಡನೆ ತೋರಿಸುತ್ತಿತ್ತು. ಇದು ನೌಕರರ ಮೇಲಿನ ಬೇಹುಗಾರಿಕೆಯೆಂಬ ಟೀಕೆ ಬಂದಾಗ, ಹೆಸರುಗಳನ್ನು ತೆಗೆದುಹಾಕುವುದಾಗಿ ಆ ಸಂಸ್ಥೆಯು ಅದೇ ವರ್ಷದ ಡಿಸೆಂಬರ್ 1ರಂದು ಪ್ರಕಟಿಸಿತು. ತನ್ನ ಪ್ರತಿ ನುಡಿಯೂ ಲೆಕ್ಕಕ್ಕೆ ಸೇರುವುದೆಂದು ಬಲ್ಲವನು ಅಗತ್ಯಕ್ಕಾಗಿ ಬರೆಯದೆ ಲೆಕ್ಕಕ್ಕಾಗಿ ಬರೆಯತೊಡಗುತ್ತಾನೆ. ಆಗ ಸಂಖ್ಯೆ ಬೆಳೆಯುತ್ತದೆ. ಓದುವವರ ಸಮಯ ವ್ಯರ್ಥವಾಗುತ್ತದೆ. ಪರಸ್ಪರ ವಿಶ್ವಾಸ ಕುಂದುತ್ತದೆ.

ಆದುದರಿಂದ ಪರೀಕ್ಷೆ ಬೇಡವೆಂದಲ್ಲ. ಸಾಧನ ಬರುವ ಮೊದಲಿನ ಸ್ಥಿತಿಯನ್ನು ಅನಂತರದ ಸ್ಥಿತಿಯೊಡನೆ, ಬಳಸಿದವರನ್ನು ಬಳಸದವರೊಡನೆ ಹೋಲಿಸಬೇಕು. ಹೀಗೆ ಪರೀಕ್ಷಿಸುತ್ತಿರುವುದು ನೌಕರರಿಗೆ ತಿಳಿದಿರಬೇಕು. ಪರೀಕ್ಷೆಗೊಳಗಾಗಬೇಕಾದುದು ಸಾಧನವೇ ಹೊರತು ಅದನ್ನು ಬಳಸುವ ಮನುಷ್ಯನಲ್ಲವೆಂಬುದನ್ನು ಅಧಿಕಾರದಲ್ಲಿರುವವರು ಮರೆಯಬಾರದು.