ಸೋತ ನಿಮಿಷಗಳು ಯಾರ ಲೆಕ್ಕಕ್ಕೆ?

ಕೆವಿನ್ ಡ್ಯುರಾಂಟ್ ಎಂಬ ಹುಡುಗ 2008–09ರ ಎನ್‌ಬಿಎ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 25.3 ಪಾಯಿಂಟ್ ಗಳಿಸಿದ. ಆಗ ಅವನಿಗೆ ಇಪ್ಪತ್ತು ವರ್ಷ. ಅವನ ತಂಡ ಒಕ್ಲಹೋಮಾ ಸಿಟಿ ಥಂಡರ್ ಆ ವರ್ಷ 23 ಪಂದ್ಯ ಗೆದ್ದು 59 ಸೋತಿತು. ಇಷ್ಟರಲ್ಲಿ ವಿಶೇಷವೇನಿಲ್ಲ, ಸೋಲುವ ತಂಡದಲ್ಲೂ ಯಾರಾದರೊಬ್ಬ ಪಾಯಿಂಟ್ ಹೊಡೆಯಲೇಬೇಕು. ಜನರನ್ನು ಕಾಡಿದ್ದು ಇನ್ನೊಂದು ಲೆಕ್ಕ. ಡ್ಯುರಾಂಟ್ ಅಂಕಣದಲ್ಲಿದ್ದಾಗ ತಂಡ ಹಿಂದೆ ಬೀಳುತ್ತಿದ್ದಷ್ಟು ಅವನು ಬೆಂಚಿನಲ್ಲಿ ಕೂತಾಗ ಬೀಳುತ್ತಿರಲಿಲ್ಲ. ಅದಕ್ಕೆ ಹಿಂದಿನ ವರ್ಷದ್ದೂ ಅದೇ ಕಥೆ. ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವೇಯ್ನ್ ವಿನ್‌ಸ್ಟನ್ ಡಲ್ಲಾಸ್ ತಂಡಕ್ಕೆ ವರ್ಷಗಟ್ಟಲೆ ಇಂಥ ಲೆಕ್ಕ ಮಾಡಿಕೊಟ್ಟವರು. ಈ ಹುಡುಗನಿಂದ ತಂಡಕ್ಕೆ ಲಾಭವಿಲ್ಲ ಎಂಬರ್ಥದಲ್ಲಿ 2009ರಲ್ಲಿ ಬಹಿರಂಗವಾಗಿಯೇ ಮಾತಾಡಿದರು. ಡ್ಯುರಾಂಟ್ ಟ್ವಿಟರ್‌ನಲ್ಲಿ ನೊಂದುಕೊಂಡು ಉತ್ತರ ಕೊಟ್ಟ.

ಈ ಜಗಳದಲ್ಲಿ ನನಗೇನು ಕೆಲಸ ಎಂದು ಕೇಳಬಹುದು. ನಾನು ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಸೋದರಮಾವ ತರ್ಕ ಓದಿದ್ದರು. ಊಟದ ಎಲೆಯ ಮುಂದೂ ಕಾರ್ಯಕಾರಣ ಬಿಡುತ್ತಿರಲಿಲ್ಲ. ಜೊತೆಗೆ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದೆ. ಪಾಯಿಂಟ್ ಹೊಡೆದದ್ದು ಅಪರೂಪ. ಎದುರಿನ ತಂಡದ ಒಳ್ಳೆಯ ಆಟಗಾರ್ತಿಗೆ ಅಂಟಿಕೊಂಡು ಅವಳ ಕೈಗೆ ಚೆಂಡು ಸೇರದಂತೆ ನೋಡಿಕೊಳ್ಳುವುದು ನನಗೆ ವಹಿಸಿದ್ದ ಕೆಲಸ. ಸ್ಕೋರ್ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಫೌಲ್‌ಗಳು ಮಾತ್ರ ಇರುತ್ತಿದ್ದವು. ಹಾಗಾಗಿ ಪ್ಲಸ್-ಮೈನಸ್ ಎಂಬ ಲೆಕ್ಕದ ಬಗ್ಗೆ ಮೊದಲ ಸಲ ಓದಿದಾಗ, ಕೊನೆಗೂ ನಮ್ಮಂಥವರಿಗೊಂದು ನ್ಯಾಯ ಸಿಕ್ಕಿತು ಅನಿಸಿತು. ನನ್ನ ಈ ಪಕ್ಷಪಾತವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಲೆಕ್ಕ ಸರಳ. ನೀವು ಅಂಕಣದಲ್ಲಿದ್ದ ಹೊತ್ತಿನಲ್ಲಿ ನಿಮ್ಮ ತಂಡ ಗಳಿಸಿದ ಪಾಯಿಂಟ್‌ಗಳಿಂದ ಎದುರಾಳಿ ಗಳಿಸಿದ್ದನ್ನು ಕಳೆಯುವುದು, ಅಷ್ಟೇ. ಬುಟ್ಟಿಗೆ ಹಾಕಿದವರು ಯಾರು, ಪಾಸ್ ಕೊಟ್ಟವರು ಯಾರು ಎಂದು ಕೇಳುವುದೇ ಇಲ್ಲ. ಅದೇ 2009ರಲ್ಲಿ ಹ್ಯೂಸ್ಟನ್‌ನ ಶೇನ್ ಬ್ಯಾಟಿಯರ್ ದೊಡ್ಡ ಸುದ್ದಿಯಾದದ್ದು ಈ ಲೆಕ್ಕದಿಂದ. ಅವನ ಪಾಯಿಂಟು, ರೀಬೌಂಡು ಎಲ್ಲವೂ ಸಾಧಾರಣ, ಆದರೆ ಅವನಿದ್ದರೆ ತಂಡಕ್ಕೆ ಒಳಿತು. ಬ್ಯಾಟಿಯರ್‌ನನ್ನು ಎತ್ತಿ ಹಿಡಿದ ಅದೇ ತಕ್ಕಡಿ ಡ್ಯುರಾಂಟ್‌ನನ್ನು ಕೆಳಗಿಳಿಸಿತು.

ಮಾವನಿದ್ದಿದ್ದರೆ ಇದನ್ನು ಅನ್ವಯ-ವ್ಯತಿರೇಕ ಎನ್ನುತ್ತಿದ್ದರು. ಅದು ಇದ್ದಾಗ ಇದು ಇದೆ, ಅದು ಇಲ್ಲದಾಗ ಇದೂ ಇಲ್ಲ. ಹಾಗಿದ್ದರೆ ಅದು ಇದಕ್ಕೆ ಕಾರಣ. ಆದರೆ ನೈಯಾಯಿಕರು ಅಷ್ಟಕ್ಕೇ ನಿಲ್ಲಿಸಿದವರಲ್ಲ. ಮಡಕೆ ಹುಟ್ಟುವಾಗ ಅಲ್ಲಿ ಕುಂಬಾರನಿದ್ದಾನೆ, ತಿಗರಿಯಿದೆ, ಕೋಲಿದೆ, ಮಣ್ಣು ಹೊತ್ತು ತಂದ ಕತ್ತೆಯೂ ನಿಂತಿದೆ. ಕತ್ತೆ ಮಡಕೆಗೆ ಕಾರಣವೇ? ಅಲ್ಲ, ಅದು ಅನ್ಯಥಾಸಿದ್ಧ. ಕೋಲಿನ ಬಣ್ಣವೂ ಅನ್ಯಥಾಸಿದ್ಧ, ಕುಂಬಾರನ ಅಪ್ಪನೂ ಅನ್ಯಥಾಸಿದ್ಧ. ಜೊತೆಯಲ್ಲಿರುವುದು ಬೇರೆ, ಮಾಡುವುದು ಬೇರೆ.

ಈಗ ಥಂಡರ್ ತಂಡವನ್ನು ನೋಡಿ. ಡ್ಯುರಾಂಟ್ ಅಂಕಣಕ್ಕಿಳಿದರೆ ಸಾಮಾನ್ಯವಾಗಿ ಜೊತೆಗೆ ಎರಡನೇ ವರ್ಷದ ಜೆಫ್ ಗ್ರೀನ್ ಇರುತ್ತಿದ್ದ, ಆಗಷ್ಟೇ ಲೀಗಿಗೆ ಬಂದ ರಸೆಲ್ ವೆಸ್ಟ್‌ಬ್ರೂಕ್ ಇರುತ್ತಿದ್ದ. ಎದುರಿಗೆ ಎದುರಾಳಿಯ ಮೊದಲ ಐವರು. ಡ್ಯುರಾಂಟ್ ದಣಿವಾರಿಸಿಕೊಳ್ಳುವ ಹೊತ್ತಿಗೆ ಆ ಕಡೆಯ ಘಟಾನುಘಟಿಗಳೂ ಅನೇಕ ಸಲ ಬೆಂಚು ಸೇರಿರುತ್ತಿದ್ದರು. ಸೋತ ನಿಮಿಷಗಳಲ್ಲಿ ಕುಂಬಾರ ಯಾರು, ಕತ್ತೆ ಯಾರು ಎಂದು ಬರಿಯ ಪ್ಲಸ್-ಮೈನಸ್ ಹೇಗೆ ಹೇಳೀತು?

ಇದು ವಿನ್‌ಸ್ಟನ್ ಅವರಿಗೆ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಅವರು, ಅವರ ಜೊತೆಗಾರ ಜೆಫ್ ಸಗಾರಿನ್, 2004ರಲ್ಲಿ ಈ ವಿಧಾನವನ್ನು ಎಲ್ಲರಿಗೂ ತೆರೆದಿಟ್ಟ ಡಾನ್ ರೋಸೆನ್‌ಬಾಮ್, ಎಲ್ಲರೂ ಮಾಡಿದ್ದು ಇದೇ ಕೆಲಸ: ಅಂಕಣದಲ್ಲಿದ್ದ ಹತ್ತೂ ಜನರನ್ನು ಸಮೀಕರಣಕ್ಕೆ ಹಾಕಿ ಒಬ್ಬೊಬ್ಬನ ಪಾಲನ್ನು ಬಿಡಿಸುವುದು. ಜಾಣ ಕೆಲಸ. ಆದರೆ ಇಬ್ಬರು ಯಾವಾಗಲೂ ಒಟ್ಟಿಗೇ ಆಡುತ್ತಿದ್ದರೆ ಯಾವ ಸಮೀಕರಣಕ್ಕೂ ಅವರನ್ನು ಬೇರೆ ಮಾಡಲಾಗದು. ಉತ್ತರ ಬರುತ್ತದೆ, ಅದರ ಬೆನ್ನಿಗೇ ದೊಡ್ಡದೊಂದು ದೋಷದ ಅಂದಾಜೂ ಬರುತ್ತದೆ. ಒಂದು ಸೀಸನ್‌ನ ಲೆಕ್ಕದಲ್ಲಿ ಆ ದೋಷ ಎಷ್ಟೋ ವೇಳೆ ಉತ್ತರಕ್ಕಿಂತ ಅಗಲ. ತರಗತಿಯಲ್ಲಿ ನಾನು ಮಕ್ಕಳಿಗೆ ಬೈದದ್ದರಲ್ಲಿ ಮುಕ್ಕಾಲು ಪಾಲು ಇದಕ್ಕೇ: ಉತ್ತರ ಬರೆದು ದೋಷ ಬರೆಯದಿರುವುದು.

2010ರಲ್ಲಿ ಜೋ ಸಿಲ್ ಎಂಬುವರು ಎಂಐಟಿಯ ಸ್ಲೋನ್ ಸಮ್ಮೇಳನದಲ್ಲಿ ಒಂದು ತಿದ್ದುಪಡಿ ಮುಂದಿಟ್ಟರು. ಸಾಕ್ಷ್ಯ ಗಟ್ಟಿಯಾಗುವವರೆಗೆ ಪ್ರತಿ ಆಟಗಾರನನ್ನೂ ಸಾಧಾರಣನ ಹತ್ತಿರಕ್ಕೇ ಎಳೆದಿಡಬೇಕು, ಹೊಗಳಿಕೆಯನ್ನೂ ತೆಗಳಿಕೆಯನ್ನೂ ಕುಗ್ಗಿಸಬೇಕು ಎಂಬುದು ಅದರ ಸಾರ. ಹೀಗೆ ಮಾಡಿದರೆ ಮುಂದಿನ ಪಂದ್ಯಗಳನ್ನು ಇನ್ನೂ ಚೆನ್ನಾಗಿ ಊಹಿಸಬಹುದು ಎಂದು ತೋರಿಸಿದರು. ನನಗಿದು ಗಣಿತದ ಉಪಾಯವಾಗಿ ಮಾತ್ರ ಕಾಣುವುದಿಲ್ಲ. ಇನ್ನೊಬ್ಬರ ಬಗ್ಗೆ ತೀರ್ಪು ಕೊಡುವ ಮುನ್ನ ಇರಬೇಕಾದ ಮಾಧ್ಯಸ್ಥ್ಯ ಇದೇ. ಅದಕ್ಕೆ ಧರ್ಮಶಾಸ್ತ್ರದ ಆಸರೆ ಬೇಕಿಲ್ಲ, ಅದಿಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ.

ಆದರೆ ಧರ್ಮಶಾಸ್ತ್ರದ ಪ್ರಶ್ನೆ ಇದರಡಿ ಇದ್ದೇ ಇದೆ. ಮಾಡಿದವನಿಗೇ ಫಲ ಎನ್ನುತ್ತೇವೆ. ಐವರು ಕೂಡಿ ಮಾಡಿದ್ದಕ್ಕೆ? ಮಾಡಿದವ, ಮಾಡಿಸಿದವ, ಪ್ರೇರೇಪಿಸಿದವ, ಒಪ್ಪಿಕೊಂಡವ, ನಾಲ್ವರೂ ಸಮಪಾಲಿನವರು ಎಂಬ ಹಳೆಯ ಮಾತು ನಮ್ಮಲ್ಲಿದೆ. ಪ್ಲಸ್-ಮೈನಸ್ ಮಾಡುವುದೂ ಅದನ್ನೇ. ಎದುರಾಳಿ ಒಂದು ಬುಟ್ಟಿ ಹಾಕಿದರೆ ಐವರ ಲೆಕ್ಕದಲ್ಲೂ ಎರಡೆರಡು ಮೈನಸ್. ಹಂಚುವುದಿಲ್ಲ, ಪ್ರತಿಯೊಬ್ಬನಿಗೂ ಪೂರ್ತಿ. ಅಂಕಣದ ಹೊರಗೆ ನಿಂತು ಪ್ರೇರೇಪಿಸಿದವನೊಬ್ಬ ಮಾತ್ರ ಈ ಲೆಕ್ಕದಿಂದ ಪಾರು. ಬೇರೆ ಲೆಕ್ಕದಿಂದ ಪಾರಾಗಲಿಲ್ಲ ಅನ್ನಿ. 13 ಪಂದ್ಯಗಳಲ್ಲಿ 12 ಸೋತ ಮೇಲೆ, 2008ರ ನವೆಂಬರ್‌ನಲ್ಲಿ ಕೋಚ್ ಪಿ.ಜೆ. ಕಾರ್ಲೆಸಿಮೊ ಅವರನ್ನು ಮನೆಗೆ ಕಳಿಸಿದರು.

ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕೆಲಸಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಅಧಿಷ್ಠಾನವೆಂದರೆ ಶರೀರ ಎನ್ನುತ್ತಾರೆ ಶಂಕರರು. ಡ್ಯುರಾಂಟ್‌ನ ಶರೀರದ ಮಾತೂ ಆಗ ಬೇಕಾದಷ್ಟು ನಡೆದಿತ್ತು. ಆರೂಮುಕ್ಕಾಲು ಅಡಿ ಮೀರಿದ ಎತ್ತರ, ಕಡ್ಡಿಯಂಥ ಮೈ. 2007ರಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೊದಲು ನಡೆದ ಪರೀಕ್ಷೆಯಲ್ಲಿ 185 ಪೌಂಡ್ ಭಾರವನ್ನು ಬೆಂಚ್ ಮೇಲೆ ಮಲಗಿ ಒಮ್ಮೆಯೂ ಎತ್ತಲಾಗಲಿಲ್ಲ. ನಾನು ಅರ್ಥವನ್ನು ತುಸು ಸಡಿಲಿಸಿ, ನಿಂತ ಜಾಗವನ್ನೂ ಅಧಿಷ್ಠಾನಕ್ಕೆ ಸೇರಿಸುತ್ತೇನೆ. ಕಾರ್ಲೆಸಿಮೊ ಇಷ್ಟೆತ್ತರದ ಫಾರ್ವರ್ಡ್ ಹುಡುಗನನ್ನು ಗಾರ್ಡ್ ಜಾಗದಲ್ಲಿ ಆಡಿಸುತ್ತಿದ್ದರು, ಅಂದರೆ ತನಗಿಂತ ಗಿಡ್ಡ, ತನಗಿಂತ ಚುರುಕಾದವರ ಹಿಂದೆ ಅವನು ಓಡಬೇಕಿತ್ತು. ನಂತರ ಬಂದ ಸ್ಕಾಟ್ ಬ್ರೂಕ್ಸ್ ಅವನನ್ನು ಫಾರ್ವರ್ಡ್ ಜಾಗಕ್ಕೇ ತಂದರು.

ಕರಣ ಅಂದರೆ ಅವನ ಕೈ, ಅವನ ಹೊಡೆತ. ಇಲ್ಲಿ ಅಂಕಿಗಳನ್ನು ನಂಬಬಹುದು, ಏಕೆಂದರೆ ಹೊಡೆತದಲ್ಲಿ ಬೇರೆಯವರ ಪಾಲು ಕಡಿಮೆ. ಮೊದಲ ವರ್ಷ ದೂರದ ಮೂರು ಪಾಯಿಂಟ್ ಹೊಡೆತಗಳಲ್ಲಿ ನೂರಕ್ಕೆ 28.8 ಬುಟ್ಟಿ ಸೇರಿದವು, ಎರಡನೇ ವರ್ಷ 42.2. ಒಟ್ಟು ಹೊಡೆತಗಳಲ್ಲಿ ಬುಟ್ಟಿ ಸೇರಿದವುಗಳ ಪ್ರಮಾಣ 43ರಿಂದ 47.6ಕ್ಕೆ ಏರಿತು. ಹತ್ತೊಂಬತ್ತರ ಹುಡುಗ ಇಪ್ಪತ್ತಕ್ಕೆ ಕಾಲಿಡುವಾಗ ಇಷ್ಟು ಮಾಗುವುದು ಸಣ್ಣ ಮಾತಲ್ಲ. ಜಾನ್ ಹಾಲಿಂಜರ್ ಕಟ್ಟಿದ ಪಿಇಆರ್ ಎಂಬ ಅಳತೆಯಲ್ಲಿ ಲೀಗಿನ ಸರಾಸರಿ 15, ಆ ವರ್ಷ ಡ್ಯುರಾಂಟ್ ಅದನ್ನು ದಾಟಿ 20ರ ಮೇಲಿದ್ದ. ಪಿಇಆರ್‌ಗೆ ಕಾಣದ್ದು ರಕ್ಷಣೆ. ಅದರಲ್ಲಿ ಅವನು ಹಿಂದಿದ್ದ, ಮೈನಸ್ ಹೇಳುತ್ತಿದ್ದದ್ದು ಬಹುಪಾಲು ಅದನ್ನೇ. ಹಾಗೆ ನೋಡಿದರೆ ವಿನ್‌ಸ್ಟನ್ ಕಂಡದ್ದು ಸುಳ್ಳಲ್ಲ.

ಇನ್ನು ದೈವ. ಶಂಕರರಿಗೆ ಅದು ಇಂದ್ರಿಯಗಳನ್ನು ಆಳುವ ದೇವತೆಗಳು, ರಾಮಾನುಜರಿಗೆ ಒಳಗಿದ್ದು ನಡೆಸುವ ಪರಮಾತ್ಮ. ಎನ್‌ಬಿಎಯಲ್ಲಿ ದೈವವನ್ನು ಕಣ್ಣಾರೆ ನೋಡಬಹುದು: ಅದು ಹೊಸ ಆಟಗಾರರನ್ನು ಮೊದಲು ಆರಿಸುವ ತಂಡ ಯಾವುದೆಂದು ತೀರ್ಮಾನಿಸುವ ಪಿಂಗ್‌ಪಾಂಗ್ ಚೆಂಡುಗಳ ಲಾಟರಿ. 2007ರಲ್ಲಿ ಆ ಚೆಂಡುಗಳು ಮೊದಲ ಆಯ್ಕೆಯನ್ನು ಪೋರ್ಟ್‌ಲ್ಯಾಂಡ್‌ಗೂ ಎರಡನೆಯದನ್ನು ಡ್ಯುರಾಂಟ್‌ನನ್ನು ಆರಿಸಿದ ಸಿಯಾಟಲ್‌ಗೂ ಕೊಟ್ಟವು. ಪೋರ್ಟ್‌ಲ್ಯಾಂಡ್ ಆರಿಸಿಕೊಂಡ ಗ್ರೆಗ್ ಓಡನ್ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮೊದಲ ಸೀಸನ್ ಪೂರ್ತಿ ಆಡಲೇ ಇಲ್ಲ. ಮರುವರ್ಷ ಸಿಯಾಟಲ್ ತಂಡವೇ ಊರು ಬಿಟ್ಟು ಒಕ್ಲಹೋಮಾಕ್ಕೆ ಹೋಗಿ ಥಂಡರ್ ಆಯಿತು.

ಐದು ಕಾರಣಗಳನ್ನು ಎಣಿಸಿದವರು ಕೊನೆಯದರ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವುದುಂಟು. ಗೀತೆ ಹಾಗೆ ಮಾಡುವುದಿಲ್ಲ. ಕರ್ತೃವೂ ಪಟ್ಟಿಯಲ್ಲಿದ್ದಾನೆ, ಐದರಲ್ಲೊಬ್ಬನಾಗಿ. ತಾನೊಬ್ಬನೇ ಮಾಡಿದೆ ಎನ್ನುವವನ ಕಣ್ಣಿಗೆ ಮಂಜು ಕವಿದಿದೆ ಎಂಬುದೇ ಅಲ್ಲಿಯ ಅಭಿಪ್ರಾಯ. ಅವನೊಬ್ಬನಿಂದಲೇ ಕೆಟ್ಟಿತು ಎನ್ನುವವನ ಕಣ್ಣಿಗೂ ಅದೇ ಮಂಜು ಎಂದು ನಾನು ಸೇರಿಸುತ್ತೇನೆ.

ಮುಂದಾದದ್ದು ಎಲ್ಲರಿಗೂ ಗೊತ್ತು. 2009–10ರಲ್ಲಿ ಅವನ ಸರಾಸರಿ 30.1, ಇಪ್ಪತ್ತೊಂದಕ್ಕೇ ಲೀಗಿನ ಅಗ್ರ ಸ್ಕೋರರ್. ತಂಡ 50 ಪಂದ್ಯ ಗೆದ್ದಿತು, ಪ್ಲಸ್-ಮೈನಸ್ ಕೂಡ ತಿರುಗಿ ಅವನ ಪರವಾಯಿತು. ಇದರಿಂದ ಲೆಕ್ಕದವರು ಸೋತರು, ಆಟ ಕಣ್ಣಿಂದ ನೋಡುವವರು ಗೆದ್ದರು ಎಂದು ಬೀಗುವವರನ್ನು ನಾನು ಒಪ್ಪುವುದಿಲ್ಲ. ಹುಡುಗನ ರಕ್ಷಣೆ ಸುಧಾರಿಸಿತ್ತು, ವೆಸ್ಟ್‌ಬ್ರೂಕ್ ಬಲಿತಿದ್ದ, ಥಾಬೊ ಸೆಫೊಲೋಷಾನಂಥ ಕಟ್ಟಾ ರಕ್ಷಕ ಇಡೀ ಸೀಸನ್ ಜೊತೆಗಿದ್ದ, ಜೇಮ್ಸ್ ಹಾರ್ಡನ್ ಬಂದಿದ್ದ. ಇವುಗಳಲ್ಲಿ ಯಾವುದರಿಂದ ಎಷ್ಟಾಯಿತು? ಮತ್ತೆ ಅದೇ ಪ್ರಶ್ನೆ, ಈ ಸಲ ಗೆಲುವಿನ ಬಗ್ಗೆ. ಗೆದ್ದಾಗ ಅದನ್ನು ಯಾರೂ ಕೇಳುವುದಿಲ್ಲ.

ಡ್ಯುರಾಂಟ್ ಒಬ್ಬ ಕೇಳಿಕೊಂಡ ಅನಿಸುತ್ತದೆ. 2014ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನ ಪ್ರಶಸ್ತಿ ಬಂದಾಗ ವೇದಿಕೆಯ ಮೇಲೆ ಜೊತೆಗಾರರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ನೆನೆದ. ಕೊನೆಗೆ ತಾಯಿಯ ಕಡೆ ತಿರುಗಿ, ಈ ಪ್ರಶಸ್ತಿ ನಿಜಕ್ಕೂ ಸಲ್ಲಬೇಕಾದದ್ದು ನಿನಗೆ ಎಂದು ಕಣ್ಣೀರಿಟ್ಟ. ಮಾವ ಇದಕ್ಕೂ ಒಂದು ಆಕ್ಷೇಪ ತೆಗೆಯುತ್ತಿದ್ದರು. ಕುಂಬಾರನ ಅಪ್ಪ ಅನ್ಯಥಾಸಿದ್ಧನಾದರೆ ಆಟಗಾರನ ತಾಯಿಯೂ ಅನ್ಯಥಾಸಿದ್ಧಳೇ. ಈ ಒಂದು ಕಡೆ ನನಗೆ ನ್ಯಾಯಶಾಸ್ತ್ರಕ್ಕಿಂತ ಡ್ಯುರಾಂಟ್‌ನ ಮಾತೇ ಸರಿಯೆನಿಸುತ್ತದೆ.

2008–09ರ ಆ ಸೀಸನ್‌ನ ಉತ್ತರಪತ್ರಿಕೆ ನನ್ನ ಮೇಜಿಗೆ ಬಂದಿದ್ದರೆ ಹೀಗೆ ಬರೆಯುತ್ತಿದ್ದೆ: ಹೊಡೆತಕ್ಕೆ ಪೂರ್ಣಾಂಕ. ರಕ್ಷಣೆಯಲ್ಲಿ ಅನುತ್ತೀರ್ಣ, ಮರುಪರೀಕ್ಷೆಗೆ ಅರ್ಹ. ಸೋಲಿನಲ್ಲಿ ಇವನ ಪಾಲು ಇದೆ. ಎಷ್ಟೆಂದು ಒಂದು ವರ್ಷದ ಲೆಕ್ಕದಿಂದ ಹೇಳಲಾಗದು, ಹೇಳುವವರು ದೋಷದ ಅಂದಾಜನ್ನೂ ಪಕ್ಕದಲ್ಲಿ ಬರೆಯತಕ್ಕದ್ದು. ತಂಡದವರು ಇವನನ್ನು ಬಿಟ್ಟುಕೊಡಬಾರದು.